ಚೇಳು ಕಡಿದವಳಿಗೆ ಬಿ.ಪಿ. ಮಾತ್ರೆ

"ಈಗ ನೋವೇ ಇಲ್ಲ ಕಣಮ್ಮ. ಮಂತ್ರ ಹಾಕ್ಸಿದ್ ತಕ್ಷಣ ಇಳ್ದೋಯ್ತು," ಎಂದು ಗಂಗಲಕ್ಷ್ಮಮ್ಮ ಸೊಸೆಯನ್ನು ತೋರಿಸಿ ಗೆದ್ದವರಂತೆ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು.

ಮಿಡಿಗೇಶಿ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ನಾನು. ಬಂಡೆಗಲ್ಲಿನ ಊರುಗಳು, ಚೇಳಿಗೇನು ಬರ? ಉರಿ ಉರಿ ಎಂದು ಕುಣಿಯುತ್ತಾ ಬರುವವರಿಗೆ ನಾನು ಹೆದರುವುದಿಲ್ಲ. ಉರಿ ಮಾಯವಾಗಿ ಮೈ ತಣ್ಣಗಾದವರನ್ನು ಕಂಡರೆ ಹೆದರುತ್ತೇನೆ. ಗಂಗಲಕ್ಷ್ಮಮ್ಮನವರ ಸೊಸೆ ವನಜಾಕ್ಷಿ ಕಡ್ಲೆಕಾಯಿ ಗಿಡ ಒಟ್ಟುವಾಗ ಕಾಲಿಗೆ ಕಡಿಸಿಕೊಂಡು ಎರಡು ಗಂಟೆಯಾಗಿತ್ತು. ಸೀರೆಯೆಲ್ಲ ಬೆವರು, ಒಂದೇ ಸಮ ವಾಂತಿ, ಪಾದ ತಣ್ಣಗೆ ಕೊರೆಯುತ್ತಿತ್ತು, ಬಿ.ಪಿ. ವಿಪರೀತ ಏರಿತ್ತು. ವಿಷ ಇಳಿದಿರಲಿಲ್ಲ, ಎದೆಗೆ ಏರಿತ್ತು.

ಡಾಕ್ಟರು ತುಮಕೂರಿನಲ್ಲಿ ಮೀಟಿಂಗಿನಲ್ಲಿದ್ದರು. "ಪ್ರಜೋಸಿನ್ ಕೊಡಿ ಇಂದ್ರಮ್ಮ. ಮಲಗಿಸಿಯೇ ಇರಿ, ಏಳಿಸಬೇಡಿ. ನಾನು ಹೊರಟೆ," ಎಂದರು ಫೋನಿನಲ್ಲಿ.

ಮಾತ್ರೆ ನುಂಗಿಸಿದೆ. ಅವಳ ಗಂಡ ಅನಿಲ್ ಕುಮಾರ್ ಮಾತ್ರೆಯ ಖಾಲಿ ಸ್ಟ್ರಿಪ್ ಓದಿ ಕೂಗಾಡಿದ. "ಇದು ಬಿ.ಪಿ. ಮಾತ್ರೆ! ನನ್ ಹೆಂಡ್ತಿಗೆ ಕಡ್ದಿರೋದು ಚೇಳು ಕಣ್ರೀ!"

"ಪಾವಗಡದ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕ್ತೀಯಲ್ಲ, ಯಾಕಪ್ಪಾ?"

"ಸೀಟಿಗೆ."

"ವಿಷ ಇವಳ ಮೈಯಲ್ಲಿ ಒಂದು ರಸ ಉಕ್ಕುಸೈತೆ. ರಕ್ತನಾಳದಲ್ಲಿ ಅದಕ್ಕೊಂದು ಸೀಟು. ಅದು ಹೋಗಿ ಕೂತ್ರೆ ನಾಳ ಬಿಗೀತದೆ, ಹೃದಯ ಸೋಲ್ತದೆ. ಈ ಮಾತ್ರೆ ಆ ಸೀಟಿಗೆ ಟವೆಲ್ಲು. ರಸ ಎಷ್ಟಾದ್ರೂ ಬರ್ಲಿ, ನಿಂತ್ಕೊಂಡೇ ಸಾಯ್ಬೇಕು."

ಅವನು ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡ. ಗಂಗಲಕ್ಷ್ಮಮ್ಮ ಅಷ್ಟಕ್ಕೆ ಬಿಡುವ ಹೆಂಗಸಲ್ಲ. ನಮ್ಮ ಕಡೆ ಚೇಳು ಕಡಿದವರನ್ನು ಮಲಗಲು ಬಿಡುವುದಿಲ್ಲ, ಕೈ ಹಿಡಿದು ನಡೆಸುತ್ತಾರೆ. "ಮಲಗುಸಿದ್ರೆ ವಿಷ ತಲೆಗೇರ್ತದೆ, ಏಳವ್ವ," ಎಂದು ಸೊಸೆಯ ರಟ್ಟೆಗೆ ಕೈ ಹಾಕಿದರು.

ನನಗೆ ಪಿತ್ತ ನೆತ್ತಿಗೇರಿತು. "ಮಾತ್ರೆ ತಗೊಂಡವಳು ಈಗ ಎದ್ರೆ ಬಿ.ಪಿ. ದೊಪ್ಪಂತ ಬಿದ್ದು ಜೀವ ಹೋಗ್ತದೆ! ಅವಳನ್ನ ಏಳುಸೋಕ್ ಮುಂಚೆ ನನ್ನ ಏಳ್ಸಿ ನೋಡಿ!" ಎಂದು ಮಂಚದ ಮೇಲೇ ಕೂತುಬಿಟ್ಟೆ.

ಹಾಗೇ ಒಂದೂವರೆ ಗಂಟೆ. ಗಳಿಗೆಗೊಮ್ಮೆ ಬಿ.ಪಿ. ನೋಡುವುದು, ಪಾದ ಮುಟ್ಟುವುದು. ಒಳಗೊಳಗೇ ಊರ ದೇವರುಗಳನ್ನೆಲ್ಲ ನಾನೂ ಕರೆದೆ, ಸುಳ್ಳೇಕೆ ಹೇಳಲಿ. ಬೆವರು ನಿಂತಿತು. ಬಿ.ಪಿ. ಹದಕ್ಕೆ ಬಂತು. ಹೆಬ್ಬೆರಳು ಬೆಚ್ಚಗಾಯಿತು.

ಆಗ ವನಜಾಕ್ಷಿ ಕಿಟಾರನೆ ಕಿರುಚಿದಳು. "ಅಯ್ಯಯ್ಯಪ್ಪೋ, ಕಾಲು ಉರೀತದೆ!"

"ವಿಷ ತಿರುಗಾ ಬಂತಲ್ಲಪ್ಪೋ!" ಗಂಗಲಕ್ಷ್ಮಮ್ಮ ಎದೆ ಬಡಿದುಕೊಂಡರು.

ನನಗೆ ಕುಣಿಯುವಷ್ಟು ಸಂತೋಷ. "ಗೆದ್ವಿ ಕಣ್ರವ್ವಾ! ಉರಿ ಗೊತ್ತಾಯ್ತು ಅಂದ್ರೆ ಎದೆ ಗೆದ್ದೈತೆ. ನಿಮ್ ಸೊಸೆ ಉಳಿದ್ಲು!"

ಮದುವೆಯಾಗಿ ಆರು ವರ್ಷ ಅತ್ತೆಯೆದುರು ತಲೆಯೆತ್ತದ ಹುಡುಗಿ, ಮಲಗಿದಲ್ಲಿಂದಲೇ ಬಾಯಿ ಬಿಟ್ಟಳು. "ಲೇ ಮುದುಕೀ! ಬೇಡ ಅಂದ್ರೂ ಆ ಗಿಡ ಒಟ್ಟೋಕೆ ಕಳ್ಸಿದ್ದು ನೀನೇ! ನಿನ್ ಬಾಯಿಗೆ ಮಣ್ಣಾಕಾ!"

ಅನಿಲ್ ಕುಮಾರನ ಮುಖ ಬಿಳಿಚಿಕೊಂಡಿತು. ಗಂಗಲಕ್ಷ್ಮಮ್ಮ ಸೊಸೆಯ ಬೆಚ್ಚಗಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತರು.

"ಬಯ್ಯವ್ವ," ಎಂದರು, "ಇನ್ನೂ ಜೋರಾಗಿ ಬಯ್ಯಿ."