ಕೆಂಪಯ್ಯನ ಹೆಂಡತಿಯಲ್ಲ

"ಲೇ ಬೋಸುಡಿ, ದೂರ ನಿಂತ್ಕೊ. ನೆಳ್ಳು ಬೀಳ್ತದೆ."

ತಾಲ್ಲೂಕು ಕಚೇರಿಯ ಜವಾನ ಹೀಗೆಂದದ್ದು ದಾಸಮ್ಮನಿಗೆ. ದಾಸಮ್ಮ ನನ್ನ ಅತ್ತಿಗೆ. ಬೈರಾಪಟ್ಟಣದ ಆಚೆಗಿರುವ ನಮ್ಮ ಕೇರಿಯಿಂದ ಹೊತ್ತಾರೆಯೇ ಹೊರಟು ಬಂದಿದ್ದೆವು. ಸೂರ್ಯ ನೆತ್ತಿಯ ಮೇಲಿದ್ದ. ಯಾರ ನೆರಳೂ ಯಾರ ಮೇಲೂ ಬೀಳುವ ಹೊತ್ತಲ್ಲ. ಆದರೂ ಸರಿದು ನಿಂತೆವು.

ಬಂದ ಕೆಲಸ ಇಷ್ಟೆ. ದಾಸಮ್ಮ ಕೆಂಪಯ್ಯನ ಹೆಂಡತಿ ಎಂದು ಅಮಲ್ದಾರರು ಬರೆದು ಮೊಹರು ಒತ್ತಬೇಕು. ನನ್ನ ಅಣ್ಣ ಪ್ಲೇಗಿನಲ್ಲಿ ಹೋದ ಮೇಲೆ ನಾವೇ ಮುಂದೆ ನಿಂತು ಅವಳನ್ನು ಕೆಂಪಯ್ಯನಿಗೆ ಉಡಿಕೆ ಮಾಡಿಕೊಟ್ಟಿದ್ದೆವು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಕೊಟ್ಟು ಮನೆ ತುಂಬಿಸಿಕೊಂಡರೆ ಅದು ಉಡಿಕೆ. ಓಲಗವಿಲ್ಲ, ಮಂತ್ರವಿಲ್ಲ. ಕುಲದವರು ಎಲೆಅಡಿಕೆ ಹಾಕಿಕೊಂಡು ಎದ್ದರೆ ಮುಗಿಯಿತು.

ಕೆಂಪಯ್ಯ ಪಟೇಲ ಪಂಚಾಕ್ಷರಯ್ಯನ ಜೀತದಾಳು. ಒಂದು ದಿನ ತಡೆಯಲಾರದೆ ಮದರಾಸಿಗೆ ಓಡಿದ. ಹಡಗು ಹತ್ತಿ ಆಫ್ರಿಕದ ನೆಟಾಲಿಗೆ ಕಬ್ಬು ಕಡಿಯಲು ಹೋದ. ಗಂಡ ಓಡಿದರೆ ಜೀತ ಹೆಂಡತಿಯದು ಎಂದು ಪಟೇಲ ದಾಸಮ್ಮನನ್ನು ಕೊಟ್ಟಿಗೆಗೆ ಎಳೆಸಿಕೊಂಡ. ಅಂದಿನಿಂದ ಅವಳು ದಿನವೂ ಕೇರಿಯಿಂದ ಹೋಗಿ ಅಲ್ಲಿ ಸಗಣಿ ಬಾಚುತ್ತಿದ್ದಳು. ಬಸುರಿಯಾಗಿದ್ದಳು, ಮಗಳನ್ನು ಹೆತ್ತದ್ದೂ ಅಲ್ಲಿಯೇ.

ಕೂಲಿಯ ಕರಾರು ಮುಗಿದ ಮೇಲೆ ಕೆಂಪಯ್ಯ ಅಲ್ಲಿ ತರಕಾರಿ ಬೆಳೆಯುತ್ತಿದ್ದಾನೆ, ಹೆಂಡತಿ ಮಗಳು ಬರಲಿ ಎಂದಿದ್ದಾನೆ ಎಂದು ನೆಟಾಲಿನಿಂದ ಮರಳಿದ ಮುನಿಶಾಮಯ್ಯ ಸುದ್ದಿ ತಂದ. ಅಲ್ಲಿಯ ಕಾಯಿದೆ ಹೇಳಿದವನೂ ಅವನೇ. ಆ ದೊರೆಗಳಿಗೆ ನಮ್ಮವರ ರಟ್ಟೆ ಬೇಕು, ಸಂಸಾರ ಬೇಡ. ಬಿಳಿಯರ ಭಾಷೆ ಬರೆಯಲು ಬಾರದವನು ಹಡಗಿನಿಂದ ಇಳಿಯಕೂಡದು ಎಂದು ಮೊದಲು ಒಂದು ಕಾಯಿದೆ ಮಾಡಿದರಂತೆ. ಕಬ್ಬು ಕಡಿಯುವ ಕೂಲಿಗೆ ಮಾತ್ರ ಆ ಭಾಷೆ ಬೇಕಿರಲಿಲ್ಲ. ಆಮೇಲೆ ಅಲ್ಲಿಯ ಕೋರ್ಟು, ಪಾದ್ರಿಗಳ ರೀತಿಯಲ್ಲಿ ಆಗದ ಮದುವೆ ಮದುವೆಯೇ ಅಲ್ಲ ಎಂದಿತು. ಜನ ತಿರುಗಿಬಿದ್ದು ಜೈಲು ತುಂಬಿದರು. ದೊರೆಗಳು ಸ್ವಲ್ಪ ಇಳಿದು, ಒಬ್ಬಳೇ ಹೆಂಡತಿಯಾಗಿದ್ದು ಅವಳ ಸೀಮೆಯ ಅಧಿಕಾರಿ ಬರೆದುಕೊಟ್ಟರೆ ಬರಲಿ ಎಂದರು. ಕಾಯಿದೆ ಮಾಡಿದವರಿಗೆ ನಮ್ಮ ಅಮಲ್ದಾರರ ಪರಿಚಯವಿತ್ತೆಂದು ಕಾಣುತ್ತದೆ.

ಅಮಲ್ದಾರರು ಜಗಲಿಯ ಮೇಲೆ ಕುಳಿತು ವಿಚಾರಿಸಿದರು. ಪುರೋಹಿತರು ಯಾರು ಎಂದರು. ಇಲ್ಲ ಎಂದೆ. ಅಗ್ನಿಸಾಕ್ಷಿ ಇತ್ತೋ ಎಂದರು. ಒಲೆ ಉರಿಯುತ್ತಿತ್ತು ಎಂದೆ. ಗುಮಾಸ್ತರು ನಕ್ಕರು. ಕರೆಸಿದ್ದ ಊರ ಜೋಯಿಸರು, ತಾವು ಆ ಕೇರಿಗೆ ಕಾಲಿಡುವವರಲ್ಲ, ತಾವು ಕಾಲಿಡದ ಕಡೆ ಮದುವೆ ಹೇಗೆ ಆದೀತು ಎಂದರು.

ಸಾಕ್ಷಿಗೆ ಕರೆಸಿದ್ದವರಲ್ಲಿ ಉಳಿದವನು ಪಟೇಲ. ಅವನೊಂದು ಹೂಂ ಅಂದಿದ್ದರೆ ಸಾಕಿತ್ತು. ದಾಸಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಹೆಂಡ್ತಿ ಎಲ್ಲಿಂದ ಬಂದ್ಲು ಸ್ವಾಮಿ? ಕೂಡಿಕೆ ಮುಂಡೆ. ಇವ್ರದು ಇವತ್ತು ಇವನು, ನಾಳೆ ಅವನು. ಮದ್ವೆಗಿದ್ವೆ ಏನೂ ಇಲ್ಲ."

ಆ ಉಡಿಕೆಯ ದಿನ ಮೊದಲ ಎಲೆಅಡಿಕೆ ಇಟ್ಟದ್ದು ಪಟೇಲನ ಬಾಗಿಲಿಗೆ, ಇಟ್ಟವನು ನಾನು. ಹೇಳಲು ಬಾಯಿ ತೆರೆದೆ. ಜವಾನ ಮುಚ್ಚಿಸಿದ. ಅರ್ಜಿ ವಜಾ ಆಯಿತು.

ದಾಸಮ್ಮ ನೆಲ ನೋಡಿದಳು. ಗಂಡನ ಮುಖ ಇನ್ನು ಈ ಜನ್ಮದಲ್ಲಿ ಕಾಣುವುದಿಲ್ಲ ಎಂಬುದು ಅವಳಿಗೂ ನನಗೂ ಅಲ್ಲಿಯೇ ತಿಳಿಯಿತು. ಆಮೇಲೆ ತಲೆಯೆತ್ತಿದಳು.

"ಅಂಗಂತ ಬರ್ಕೊಡಿ ಬುದ್ದಿ."

"ಏನಂತ?"

"ನಾನು ಕೆಂಪಯ್ಯನ ಹೆಂಡ್ತಿ ಅಲ್ಲ ಅಂತ. ಪಟೇಲ್ರೇ ಯೋಳವ್ರಲ್ಲ. ಅವ್ರ ರುಜುನೂ ಆಕ್ಸಿ."

ಅಮಲ್ದಾರರಿಗೆ ಇದರಲ್ಲಿ ತೊಂದರೆ ಕಾಣಲಿಲ್ಲ. ಬರೆಸಿ ಮೊಹರು ಒತ್ತಿಸಿದರು. ಪಟೇಲ ನಗುತ್ತಲೇ ರುಜು ಹಾಕಿದ. ಜವಾನ ಕಾಗದವನ್ನು ನೆಲಕ್ಕೆಸೆದ. ದಾಸಮ್ಮ ಎತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು.

ಮಾರನೆಯ ದಿನ ಅವಳು ಕೊಟ್ಟಿಗೆಗೆ ಹೋಗಲಿಲ್ಲ. ಹೊತ್ತೇರಿದ ಮೇಲೆ ಪಟೇಲನೇ ಬಂದು ಕೇರಿಯ ಬಾಯಲ್ಲಿ ನಿಂತ. ಒಳಗೆ ಬಂದರೆ ಮೈಲಿಗೆ. ಅಲ್ಲಿಂದಲೇ ಕೂಗಿದ.

"ಯಾಕ್ಲೇ ಬೇವಾರ್ಸಿ, ಸಗಣಿ ಬಾಚಕ್ಕೆ ನಿಮ್ಮಪ್ಪ ಬತ್ತಾನಾ? ನಿನ್ ಗಂಡನ ಜೀತ ಇನ್ನೂ ಐತೆ."

ದಾಸಮ್ಮ ನಮ್ಮ ಮನೆಯ ಬಾಗಿಲಲ್ಲಿ ಮೂರು ಕಲ್ಲು ಹೂಡಿ ಮುದ್ದೆ ತೊಳಸುತ್ತಿದ್ದಳು. ಕೋಲು ಕೈ ಬಿಡಲಿಲ್ಲ.

"ಯಾವ ಗಂಡ, ಬುದ್ದಿ?"

ಕೇರಿಯೆಲ್ಲ ಹೊರಗೆ ಬಂದು ನಿಂತಿತು. ಯಾರೂ ನಗಲಿಲ್ಲ, ಯಾರೂ ತಲೆ ತಗ್ಗಿಸಲೂ ಇಲ್ಲ. ಪಟೇಲ ಎಲ್ಲರನ್ನೂ ಒಮ್ಮೆ ನೋಡಿ, ಆಳುಗಳನ್ನು ಕರೆತರುತ್ತೇನೆ ಎಂದು ಹೇಳಿ ಹೋದ. ನಾನು ಒಳಗಿನಿಂದ ಕೊಡಲಿ ತಂದು ಪಕ್ಕದಲ್ಲಿಟ್ಟುಕೊಂಡು ಕುಳಿತೆ.

ಅಪ್ಪನ ಊರಿಗೆ ಯಾವಾಗ ಹೋಗುವುದು ಎಂದು ಮಗಳು ಕೇಳಿದಳು. ದಾಸಮ್ಮ ಅವಳ ತಣಿಗೆಗೆ ಮುದ್ದೆ ಹಾಕಿದಳು.