ಬಂದ ಜನ

ಕೆಂಪು ದೀಪ ಮಿಣುಕುತ್ತಿದೆ, ಗಂಟೆ ಬಡಿಯುತ್ತಿದೆ, ಕಬ್ಬಿನ ರೈಲು ಬಂದೇ ಬಿಟ್ಟಿತು, ಇನ್ನು ಅದರ ಬಾಲ ಕಾಣುವವರೆಗೆ ಇಲ್ಲೇ ಕೂರಬೇಕು — ತಂತಿಯ ಪಂಜರದಂಥ ಡಬ್ಬಿ, ಅದರ ಹಿಂದೆ ಮತ್ತೊಂದು, ಎಲ್ಲದರಲ್ಲೂ ತುಂಡು ತುಂಡಾದ ಕಬ್ಬು, ಕಾರ್ಖಾನೆಯ ಕಡೆಯಿಂದ ಕಾಕಂಬಿಯ ನಾತ, ಈ ಸಕ್ಕರೆಯ ಊರು ಮಕಾಯ್‌ನಲ್ಲೇ ಹುಟ್ಟಿ ಬೆಳೆದವಳಿಗೆ ಈ ನಾತ ಹೊಸದೇನಲ್ಲ, ಆದರೂ ಇವತ್ತು ಗಂಟಲಿಗೆ ಅಂಟಿಕೊಳ್ಳುತ್ತಿದೆ, ಡೆಲ್ವೀನ್ ಕಾರಿನ ಗಾಜು ಏರಿಸಿದಳು, ಏರಿಸಿದ್ದೇ ತಪ್ಪಾಯಿತು, ಈಗ ಒಳಗೆಲ್ಲ ಲ್ಯಾವೆಂಡರ್, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುವ ಸೋದರತ್ತೆ ಐವೀಯ ಕೈಯಿಂದ ಬರುತ್ತಿದೆ, ಅತ್ತೆಯದಲ್ಲ ಅದು, ಊಟಕ್ಕೆ ಕರೆದಿದ್ದ ಶ್ರೀಮತಿ ಕ್ರಾಂಡಲ್ ಬಳಿದುಕೊಂಡಿದ್ದ ಕ್ರೀಮು, ಆಕೆ ಹಿಡಿದ ಕೈಗೆ ಹತ್ತಿಕೊಂಡು ಇಲ್ಲಿಯವರೆಗೂ ಬಂದಿದೆ, ಛೀ, ಹೊಟ್ಟೆಯಲ್ಲಿ ಆ ಮನೆಯ ಸಿಗಡಿ, ಆ ಮನೆಯ ಪಾವ್ಲೋವಾ ಸಿಹಿ, ಅದರ ಮೇಲೆ ಸುರಿದ ಕೆನೆ, ವಾಂತಿಯಾದರೂ ಆಗಬಾರದೇ, ಆಗುವುದಿಲ್ಲ, ಆಸೆಪಟ್ಟು ತಿಂದದ್ದು ಅಷ್ಟು ಸುಲಭಕ್ಕೆ ಹೊರಗೆ ಬರುತ್ತದೆಯೇ.

ಎಷ್ಟು ಬಾಗಿಲು ತಟ್ಟಿದ್ದಳು ಈ ಊಟಕ್ಕಾಗಿ. ಕಬ್ಬಿನ ಗದ್ದೆಯಂಚಿನಲ್ಲಿ ಕಲ್ಲೂ ಇಲ್ಲದೆ ಮಲಗಿರುವ, ಹಿಂದಿನ ಕಾಲದಲ್ಲಿ ಇಲ್ಲಿ ಕಬ್ಬು ಕಡಿದು ಸತ್ತ ದ್ವೀಪದವರ ಗೋರಿಗಳು, ಅವರ ಮಕ್ಕಳು ಮೊಮ್ಮಕ್ಕಳು ಆ ಜಾಗಗಳನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ, ಇದೇ ಅವಳು ಓದಬೇಕೆಂದಿದ್ದ ವಿಷಯ — ವಿಶ್ವವಿದ್ಯಾಲಯದ ಇತಿಹಾಸದವರು ಇದು ಸಮಾಜಶಾಸ್ತ್ರ ಎಂದರು, ಸಮಾಜಶಾಸ್ತ್ರದವರು ಇದು ಇತಿಹಾಸ ಎಂದರು, ಒಬ್ಬಾಕೆ ಮಾತ್ರ ಅರ್ಜಿ ಪೂರ್ತಿ ಓದಿ, ನೀವು ಈ ವಿಷಯಕ್ಕೆ ತೀರ ಹತ್ತಿರದವರು ಎಂದು ವಾಪಸು ಕಳಿಸಿದಳು, ಹತ್ತಿರದವರಂತೆ, ಸತ್ತವರು ತನ್ನವರಾದರೆ ಅವರ ಬಗ್ಗೆ ಬರೆಯಕೂಡದೇನೋ. ಕೊನೆಗೆ ಕೈಹಿಡಿದದ್ದು ಪ್ರೊಫೆಸರ್ ಗ್ರೀವ್ಸ್, ಒಳ್ಳೆಯ ಮನುಷ್ಯ, ನಿಜಕ್ಕೂ ಒಳ್ಳೆಯವರು, ಅದೇ ತೊಂದರೆ, ಎರಡೂ ವಿಭಾಗದವರನ್ನು ನಾನು ಒಪ್ಪಿಸುತ್ತೇನೆ, ದುಡ್ಡಿಗೆ ಕ್ರಾಂಡಲ್ ಮನೆತನದ ವಿದ್ಯಾರ್ಥಿವೇತನ ಇದೆಯಲ್ಲ ಎಂದರು, ಕ್ರಾಂಡಲ್, ಯಾರ ಗದ್ದೆಯಂಚಿನಲ್ಲಿ ಅತ್ತೆಯ ಅಜ್ಜ ಟೋಬಿ ಮಲಗಿದ್ದಾನೋ ಅದೇ ಕ್ರಾಂಡಲ್, ಎಪಿ ದ್ವೀಪದ ದಂಡೆಯಲ್ಲಿ ಕೊಡಲಿ ಕೊಡುವ ಆಸೆ ತೋರಿಸಿ ಆ ಹುಡುಗನನ್ನು ಹಡಗು ಹತ್ತಿಸಿದ್ದರು, ಹತ್ತಿದ ಮೇಲೆ ನೆತ್ತಿಯ ಮೇಲೆ ಹಲಗೆ ಮುಚ್ಚಿದ್ದರು. ಅರ್ಜಿಯಲ್ಲಿ ಮೊದಲು ಅವಳು ಬರೆದದ್ದು ಕದ್ದು ತಂದ ಜನ ಎಂದೇ, ಆಮೇಲೆ ಕರೆತಂದ ಜನ ಎಂದಾಯಿತು, ಆಮೇಲೆ — ಯಾರೂ ಕೇಳಿರಲಿಲ್ಲ, ಗ್ರೀವ್ಸ್ ಒಂದು ಮಾತು ಆಡಿರಲಿಲ್ಲ, ಅಡಿಗೆಮನೆಯ ಮೇಜಿನ ಮುಂದೆ ಒಬ್ಬಳೇ ಕೂತು ತಾನೇ ಅಳಿಸಿ ತಾನೇ ಬರೆದಳು, ಕೆಲಸ ಹುಡುಕಿಕೊಂಡು ದ್ವೀಪಗಳಿಂದ ಬಂದ ಜನ, ಕೋಲು ಎತ್ತುವ ಮೊದಲೇ ಬಾಲ ಮಡಚುವ ನಾಯಿಯ ಹಾಗೆ.

ವೇತನ ಸಾರುವ ಊಟಕ್ಕೆ ಮನೆಯ ಹಿರಿಯರೊಬ್ಬರನ್ನು ಕರೆತರಬೇಕಂತೆ, ಅತ್ತೆ ಇಗರ್ಜಿಗೆ ಹಾಕುವ ನೀಲಿ ಹೂವಿನ ಉಡುಪು ತೊಟ್ಟು ಬಂದಳು, ಶ್ರೀಮತಿ ಕ್ರಾಂಡಲ್ ಲೋಟ ತಟ್ಟಿ ಎಲ್ಲರ ಎದುರಿಗೆ ಆ ಸಾಲನ್ನೇ ಓದಿದಳು, ಬಂದ ಜನ, ಎಷ್ಟು ತೂಕದ ಮಾತು, ಕಹಿಯೇ ಇಲ್ಲ ನೋಡಿ, ಗ್ರೀವ್ಸ್ ತಲೆದೂಗಿದರು, ಸಿಗಡಿ ಸುಲಿಯುತ್ತಿದ್ದ ಅತ್ತೆ ಅರ್ಧಕ್ಕೇ ಕೈಬಿಟ್ಟಳು, ಈ ವರ್ಷದ ವೇತನ ನಮ್ಮ ಡೆಲ್ವೀನಳಿಗೆ ಎಂದು ಸಾರಿದ್ದಾಯಿತು, ಚಪ್ಪಾಳೆ, ಆಗಲೇ ಆಕೆ ಅತ್ತೆಯ ಕೈ ತೆಗೆದುಕೊಂಡದ್ದು, ಕೇಳದೆ, ಮೇಜಿನ ಮೇಲಿನ ಚಮಚ ತೆಗೆದುಕೊಂಡ ಹಾಗೆ, ಬಿಳಿ ಹಾಸಿನ ಮೇಲೆ ಅಂಗೈ ಮೇಲಾಗಿ ಮಗುಚಿ, ಅಲ್ಲಿರುವ ಉದ್ದನೆಯ ಹೊಳೆಯುವ ಕಲೆಯ ಮೇಲೆ ಬೆರಳಾಡಿಸಿ, ನೋಡಿ, ಕಬ್ಬು ಕಡಿದ ಕೈ, ಇತಿಹಾಸ ಅಂದರೆ ಇದು ಎಂದಳು — ಅತ್ತೆ ಜನ್ಮದಲ್ಲಿ ಒಂದು ಜಲ್ಲೆ ಕಬ್ಬು ಕಡಿದವಳಲ್ಲ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು, ಆ ಕಲೆ ಇಸ್ತ್ರಿ ಯಂತ್ರ ಕಚ್ಚಿದ್ದು, ಡೆಲ್ವೀನಳಿಗೆ ಗೊತ್ತಿತ್ತು, ಆ ಅಂಗೈ ಹಿಡಿದೇ ಶಾಲೆಗೆ ಹೋದವಳು, ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ, ನಕ್ಕಳು, ಹಲ್ಲು ಕಾಣುವ ಹಾಗೆ.

ಡಬ್ಬಿ, ಡಬ್ಬಿ, ಡಬ್ಬಿ. ಅತ್ತೆ ಕಣ್ಣು ತೆರೆಯದೆ, ಆ ಹೆಂಗಸಿನ ಕೈ ಸತ್ತ ಮೀನಿನ ಹಾಗೆ ತಣ್ಣಗಿತ್ತು ಕಣೇ ಎನ್ನುತ್ತಾಳೆ, ಆಮೇಲೆ, ಬಂದ ಜನ ಅಂತ ಬರೆದದ್ದು ಯಾರೇ, ಆ ಪ್ರೊಫೆಸರಾ, ಹೂಂ ಅತ್ತೆ ಎಂದುಬಿಟ್ಟಳು ಡೆಲ್ವೀನ್, ನಾಲಗೆಗೆ ಎಷ್ಟು ಸಲೀಸು, ಕೆನೆ ಸವರಿದ ನಾಲಗೆ, ಅತ್ತೆ ಹಾಂ ಎಂದಳು, ಆ ಹಾಂ ಒಳಗೆ ಹೋಗಿ ಕೂತಿತು, ಇನ್ನೊಂದಷ್ಟು ಡಬ್ಬಿಗಳು ಸರಿದವು, ಅಲ್ಲ ಅತ್ತೆ, ನಾನೇ ಬರೆದೆ, ಅತ್ತೆ ಈ ಸಲ ಕಣ್ಣು ತೆರೆದಳು, ಬೈದಿದ್ದರೆ ಮುಗಿಯುತ್ತಿತ್ತು. ಫೋನು ಹೇಗೆ ಕೈಗೆ ಬಂತೋ, ಗ್ರೀವ್ಸ್ ದನಿ, ಇನ್ನೂ ಆ ಮನೆಯಲ್ಲೇ ಇದ್ದಾರೆ, ಹಿಂದೆ ನಗು, ಲೋಟಗಳ ಸದ್ದು, ಆ ಸಾಲು ತಿದ್ದಬೇಕು ಎಂದಳು, ಕದ್ದು ತಂದ ಜನ ಎಂದೇ ಇರಬೇಕು, ಅವರು ಬಾಗಿಲಾಚೆ ಹೋದರು, ದನಿ ತಗ್ಗಿಸಿದರು, ನೋಡು ಡೆಲ್ವೀನ್, ಈಗ ಆ ಪದ ಎತ್ತಿದರೆ ಇವರು ಹಿಂದೆ ಸರಿಯುತ್ತಾರೆ, ವೇತನ ಕೈಗೆ ಬರಲಿ, ಪ್ರಬಂಧದಲ್ಲಿ ನಿನಗೆ ಬೇಕಾದ್ದು ಬರೆಯುವೆಯಂತೆ, ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ, ಇಲ್ಲ ಪ್ರೊಫೆಸರ್, ಇವತ್ತೇ ಹೇಳಿಬಿಡಿ, ಸೋಮವಾರದವರೆಗೆ ಯೋಚನೆ ಮಾಡು, ಮಾಡಿಯಾಯಿತು, ಹಾಗಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದರು, ಬೇಸರ ನಿಜದ್ದೇ ಇತ್ತು, ಹೋಗಲಿ ಎಂದಳು. ಹೋಯಿತು. ಹಗುರಾಗಬೇಕಿತ್ತಲ್ಲವೇ ಈಗ, ಎದೆಯುಬ್ಬಬೇಕಿತ್ತಲ್ಲವೇ, ಏನೂ ಇಲ್ಲ, ಅದೇ ಕೆನೆ, ಅದೇ ಲ್ಯಾವೆಂಡರ್.

ದುಡ್ಡು ಯಾಕೆ ಬಿಟ್ಟೆಯೇ ಎಂದಳು ಅತ್ತೆ, ಬಿಡು ಅಂದ್ನಾ ನಾನು, ಅದರಲ್ಲಿ ನಮ್ಮಜ್ಜನ ಬೆವರೂ ಇತ್ತು, ಹೋಗಲಿ, ಬೇರೆ ಕಡೆ ಅರ್ಜಿ ಹಾಕ್ತೀಯ, ನಿನ್ನ ಹಟ ನನಗೆ ಗೊತ್ತಿಲ್ವಾ, ಎಂದು ಕೈಯನ್ನು ಉಡುಪಿಗೆ ಒರೆಸಿ, ಮೂಸಿ, ಮತ್ತೆ ಒರೆಸಿ — ಆದ್ರೆ ಹೇಳೋದಿದ್ರೆ ಅಲ್ಲೇ ಹೇಳ್ಬೇಕಿತ್ತು ಕಣೇ, ನನ್ನ ಕೈ ಅವಳ ಕೈಲಿದ್ದಾಗ. ಕೊನೆಯ ಡಬ್ಬಿ ದಾಟಿತು, ಗಂಟೆ ನಿಂತಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಗೇರು ಹಾಕಬೇಕು, ಬೇರೆ ಕಡೆ ಅರ್ಜಿ, ಹೂಂ, ಹಾಕಬೇಕು, ಮೊದಲ ಸಾಲಿನಲ್ಲೇ ಆ ಪದ, ಆದರೆ ಆ ಬಿಳಿ ಹಾಸು, ಅದರ ಮೇಲೆ ಮಗುಚಿಟ್ಟ ಅಂಗೈ, ಮತ್ತೆ ಹಾರ್ನು, ಬಿಳಿ ಹಾಸು, ಅಂಗೈ, ಕಲೆಯ ಮೇಲೆ ಹರಿದಾಡುವ ಆ ಬೆರಳು, ಬಿಳಿ ಹಾಸು, ಅಂಗೈ, ಮೇಲೆ ಬಾಗಿ ನಗುತ್ತಿರುವ ತನ್ನ ಮುಖ —