ಸುಳ್ಳು ತೂಕ

ಅಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಕಿರಿದಾದ ಅಂಗಡಿ. ಬಾಗಿಲಲ್ಲಿ ನೇತುಹಾಕಿದ ತಟ್ಟೆಗಳು, ಮೇಜಿನ ಮೇಲೆ ಅರ ಉಜ್ಜಿದ ಪುಡಿ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ಹಿತ್ತಾಳೆಯ ತೂಕದ ಬಟ್ಟುಗಳು. ಕಿರಿಮಗಳು ದಿನ ತುಂಬುವ ಮೊದಲೇ ಹುಟ್ಟಿದಾಗ, ಆಸ್ಪತ್ರೆಯವರು ಹೇಳಿದ ತೂಕ ನಂಬದೆ ಅಂಗಡಿಯ ತಕ್ಕಡಿಯಲ್ಲೇ ಅವಳನ್ನು ತೂಗಿದ್ದರಂತೆ. ಅಂದಿನಿಂದ ಮನೆಯಲ್ಲಿ ಅವಳ ಹೆಸರು ಚಟಾಕು, ಹಳೆಯ ಅಳತೆಯ ಪುಟ್ಟ ಬಟ್ಟಿನ ಹೆಸರು. ಸೈನ್ಯದ ಡಾಕ್ಟರಾಗಿ ಮೇಜರ್ ಆದ ಮೇಲೂ ಅದು ಬದಲಾಗಲಿಲ್ಲ.

ಬಾಹ್ಯಾಕಾಶಕ್ಕೆ ಆಯ್ಕೆಯಾದ ಸುದ್ದಿ ತಂದ ದಿನ ಅಪ್ಪ ಕೈಲಿದ್ದ ಅರ ಕೆಳಗಿಟ್ಟರು.

"ಅಲ್ಲಿ ತೂಕಾನೇ ಇರಲ್ವಂತಲ್ಲೇ?"

"ಇರಲ್ಲಪ್ಪ."

"ಮನೇಲೇ ಹುಟ್ಟಿ ನನ್ನ ಕಸುಬಿಗೇ ಕಲ್ಲು ಹಾಕ್ತೀಯಲ್ಲೇ!" ಎಂದವರೇ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಹೇಳಿ ಬರಲು ಎದ್ದುಹೋದರು.

ಹೊರಡುವ ಮುಂಚೆ ಪ್ರತಿಯೊಬ್ಬ ಯಾತ್ರಿಯನ್ನೂ ಒಂದು ಪ್ರಶ್ನೆ ಕೇಳುತ್ತಾರೆ. ನೀವು ಮೇಲಿರುವಾಗ ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಆಗಲೇ ತಿಳಿಸಬೇಕೋ, ಇಳಿದ ಮೇಲೋ? ಕೇಳಿದ್ದು ನೆಲದ ಮೇಲಿದ್ದು ಅವರ ಆರೋಗ್ಯ ನೋಡಿಕೊಳ್ಳುವ ಡಾಕ್ಟರು. ಅವಳಿಗೆ ಬೆಟ್ಟದ ಮೇಲಿನ ಸೇನಾ ಆಸ್ಪತ್ರೆ ನೆನಪಾಯಿತು. ಅಲ್ಲಿಯ ಆಂಬುಲೆನ್ಸ್ ಡ್ರೈವರನಿಗೆ ಅವನ ತಾಯಿ ತೀರಿಕೊಂಡ ಸುದ್ದಿಯನ್ನು ಯಾರೋ ವೈರ್‌ಲೆಸ್ಸಿನಲ್ಲಿ ಹೇಳಿಬಿಟ್ಟಿದ್ದರು. ಅವನು ಏನೂ ಆಗಿಲ್ಲವೆಂಬಂತೆ ಗಾಡಿ ಹತ್ತಿ, ಎರಡನೆಯ ತಿರುವಿನಲ್ಲೇ ಕಣಿವೆಗೆ ಇಳಿಸಿದ್ದ. ಅವನ ಕಾಲು ತೆಗೆದವಳು ಅವಳೇ.

"ಇಳಿದ ಮೇಲೆ," ಎಂದಳು.

ಅದನ್ನು ಮನೆಯಲ್ಲೂ ಹೇಳಿದಳು. "ಬಿಡ್ತು ಅನ್ನು! ಹೊರಡೋ ಹೊತ್ತಲ್ಲಿ ಎಂಥ ಮಾತೇ ಇದು?" ಎಂದು ಅಕ್ಕ ಗದರಿದಳು.

ಅಪ್ಪ ಮಾತ್ರ ತಲೆಯಾಡಿಸಿದರು. "ಅವಳು ಡಾಕ್ಟ್ರು. ತನ್ನ ಔಷಧಿ ತಾನೇ ಬರ್ಕೊಂಡಿದಾಳೆ. ಕುಡಿಸೋದಷ್ಟೇ ನಮ್ಮ ಕೆಲಸ."

ಬಾಹ್ಯಾಕಾಶ ನಿಲ್ದಾಣದಲ್ಲಿ ಅವಳ ಕೆಲಸ ಹೆಚ್ಚಾಗಿ ಡಾಕ್ಟರದ್ದೇ. ಜೊತೆಗಾರರ ರಕ್ತ ತೆಗೆಯುವುದು, ಅವರ ಹೃದಯ ಕುಗ್ಗಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುವುದು. ಸದಾ ತಿರುಗುವ ಫ್ಯಾನುಗಳ ಸದ್ದಿನಲ್ಲಿ ಸ್ಟೆತಾಸ್ಕೋಪು ಮೂಕವಾಗಿತ್ತು. ಹಾಗಾಗಿ ಕಣ್ಣೇ ಕಿವಿಯ ಕೆಲಸವನ್ನೂ ಮಾಡಬೇಕಿತ್ತು.

ಭಾನುವಾರ ಮನೆಯವರೊಂದಿಗೆ ವಿಡಿಯೋ ಮಾತುಕತೆ. ನಿಲ್ದಾಣದಲ್ಲಿ ಮೈತೂಕ ನೋಡುವ ಬಗೆಯನ್ನು ಅಪ್ಪ ಎಷ್ಟು ಸಲ ಕೇಳಿದರೂ ತಣಿಯಲಿಲ್ಲ. ಸ್ಪ್ರಿಂಗಿಗೆ ಜೋಡಿಸಿದ ಪೀಠವನ್ನು ತಬ್ಬಿಕೊಂಡರೆ ಅದು ಹಿಂದೆ ಮುಂದೆ ತೂಗುತ್ತದೆ. ಮೈಯಲ್ಲಿ ದ್ರವ್ಯ ಹೆಚ್ಚಿದ್ದಷ್ಟೂ ತೂಗಾಟ ನಿಧಾನ. ಅದರಿಂದಲೇ ಲೆಕ್ಕ.

"ಅಂದ್ರೆ ತೂಕ ಹೋದ್ರೂ ಮನುಷ್ಯ ಇದ್ದಷ್ಟೇ ಇರ್ತಾನೆ ಅನ್ನು."

"ಹೂಂ, ಇದ್ದಷ್ಟೇ."

ಆಮೇಲೆ ತಮ್ಮದನ್ನು ಹೇಳುತ್ತಿದ್ದರು. "ಅರವತ್ತೆಂಟು ಕೇಜಿ ಇನ್ನೂರು ಗ್ರಾಂ. ಚಪ್ಪಲಿ ಬಿಟ್ಟು." ಗ್ರಾಂ ಬಿಟ್ಟು ಹೇಳಿದ್ದೇ ಇಲ್ಲ. ಬಟ್ಟಿನ ತಳ ಕೊಂಚ ಉಜ್ಜಿ ಕೊಡಿ ಎಂದು ಕೇಳಿದ ಸ್ವಂತ ಭಾವಮೈದನನ್ನೇ ಅಂಗಡಿಯಿಂದ ಇಳಿಸಿದ್ದ ಮನುಷ್ಯ.

ನಾಲ್ಕನೆಯ ತಿಂಗಳಲ್ಲಿ ಎರಡು ವಾರ ಅಪ್ಪ ಮಾತಿಗೆ ಸಿಗಲಿಲ್ಲ. ನೆಗಡಿ ಎಂದಳು ಅಕ್ಕ. ಮೂರನೆಯ ವಾರ ಬಂದು ಕೂತರು. ಕುರ್ಚಿಯನ್ನು ಕ್ಯಾಮೆರಾದಿಂದ ದೂರ ಎಳೆದಿದ್ದರು, ದೀಪವನ್ನು ಬೆನ್ನ ಹಿಂದೆ ಇಟ್ಟಿದ್ದರು. ಆದರೂ ಅವಳಿಗೆ ಕಂಡಿತು. ಕತ್ತಿನ ಗುಂಡಿ ಹಾಕಿದ್ದರೂ ಕಾಲರಿನೊಳಗೆ ಕೈ ತೂರುವಷ್ಟು ಜಾಗವಿತ್ತು. ಹಣೆಯ ಎರಡೂ ಪಕ್ಕ ಗುಳಿ ಬಿದ್ದಿತ್ತು. ಒಂದೊಂದು ಮಾತಿಗೂ ಭುಜ ಎದ್ದು ಉಸಿರೆಳೆಯುತ್ತಿತ್ತು. ಇಂಥ ಮೈಗಳನ್ನು ಅವಳು ವಾರ್ಡುಗಳಲ್ಲಿ ಬೇಕಾದಷ್ಟು ನೋಡಿದ್ದಳು. ಇದು ವಾರಗಳ ಮಾತು. ಅವಳು ಇಳಿಯಲು ಇನ್ನೂ ಎರಡು ತಿಂಗಳಿತ್ತು.

ನೆಲದ ಡಾಕ್ಟರನ್ನು ಕೇಳಿದರೆ ಅವರು ಅವಳದೇ ಮಾತಿಗೆ ಕಟ್ಟುಬಿದ್ದವರು. ಅಕ್ಕನನ್ನು ಕೇಳಿದರೆ ಒಡೆದುಹೋಗುತ್ತಾಳೆ. ಅಪ್ಪನೇ ನಿಜ ಹೇಳಿದರೆ ಮಾತ್ರ, ಮಾತಾಡಬೇಕಾದ್ದನ್ನು ಇಬ್ಬರೂ ಈಗಲೇ ಮಾತಾಡಿಕೊಳ್ಳಬಹುದು. ಅವರು ಸುಳ್ಳು ಹೇಳಲಾರದ ಪ್ರಶ್ನೆ ಅವಳಿಗೆ ಗೊತ್ತಿತ್ತು.

"ಅಪ್ಪಾ, ಈ ವಾರದ ತೂಕ ಹೇಳ್ಲೇ ಇಲ್ವಲ್ಲ."

ಅಪ್ಪ ಪಕ್ಕಕ್ಕೆ ನೋಡಿದರು. ಅಲ್ಲಿ ಅಕ್ಕ ಇದ್ದಿರಬೇಕು. ಆಮೇಲೆ ನೇರವಾಗಿ ಇತ್ತ ನೋಡಿದರು.

"ಅರವತ್ತೆಂಟು."

ಅವಳು ಕಾದಳು.

"ಗ್ರಾಂ?"

"ಇನ್ನೂರು. ಮುಂಚಿನಷ್ಟೇ. ಯಾಕೆ, ನನ್ನ ತಕ್ಕಡಿ ಮೇಲೇ ಅನುಮಾನಾನಾ?"

"ಇಲ್ಲಪ್ಪ. ನಿಮ್ಮ ತಕ್ಕಡಿ ಯಾವತ್ತು ತಪ್ಪಿದೆ?"

ತೂಕವಿಲ್ಲದ ಕಡೆ ಕಣ್ಣೀರು ಕೆನ್ನೆಗಿಳಿಯುವುದಿಲ್ಲ, ಕಣ್ಣಲ್ಲೇ ಉಂಡೆಯಾಗಿ ಕೂರುತ್ತದೆ. ಒರೆಸಿದರೆ ಅಪ್ಪನಿಗೆ ಕಾಣುತ್ತದೆ. "ಕಿಟಕಿ ತೋರಿಸ್ತೀನಿ ನೋಡಿ," ಎಂದು ಕ್ಯಾಮೆರಾ ತಿರುಗಿಸಿದಳು. ಕೆಳಗೆ ಸಮುದ್ರ, ಅದರ ಮೇಲೆ ಹಿಂಜಿದ ಮೋಡ. ತೋಳಿನಿಂದ ಕಣ್ಣೊತ್ತಿಕೊಂಡಳು.

"ಚೆನ್ನಾಗಿದೆ ಕಣೇ," ಎಂದಿತು ಅಪ್ಪನ ದನಿ. "ಇನ್ನೊಂಚೂರು ತೋರ್ಸು." ಅವರಿಗೂ ಕಣ್ಣೊರೆಸಿಕೊಳ್ಳಬೇಕಿತ್ತೋ ಏನೋ.

ಮುಂದಿನ ವಾರಗಳಲ್ಲಿ, ಅಕ್ಕನ ಪ್ರಕಾರ, ಅಪ್ಪ ಮಲಗಿದ್ದರು, ಇಲ್ಲವೇ ಅಂಗಡಿಗೆ ಹೋಗಿದ್ದರು. "ಸರಿ ಬಿಡು, ಎಬ್ಬಿಸ್ಬೇಡ," ಎನ್ನುತ್ತಿದ್ದಳು. ಆಮೇಲೆ ಸೂಜಿ ಹಿಡಿದು ಕೆಲಸಕ್ಕೆ ತೊಡಗುತ್ತಿದ್ದಳು. ಒಮ್ಮೆಯೂ ನರ ತಪ್ಪಲಿಲ್ಲ.

ಇಳಿದ ದಿನ ನಾಲ್ಕು ಜನ ಅವಳನ್ನು ಎತ್ತಿ ವೈದ್ಯಕೀಯ ಡೇರೆಯ ಕುರ್ಚಿಯಲ್ಲಿ ಕೂರಿಸಿದರು. ತಲೆ ಕಲ್ಲಾಗಿತ್ತು. ನೆಲದ ಡಾಕ್ಟರು ಮುಂದೆ ಮಂಡಿಯೂರಿ ಟೋಪಿ ತೆಗೆದರು.

"ಮೇಜರ್, ನಿಮಗೊಂದು ವಿಷಯ..."

"ಗೊತ್ತು ಸರ್," ಎಂದಳು. "ಅಕ್ಕನ್ನ ಕರೀರಿ."

ಅಕ್ಕ ಡೇರೆಯೊಳಗೆ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಅತ್ತರು.

"ಅವತ್ತು ನಾನು ತೂಕ ಕೇಳ್ದಾಗ ನಿಜವಾಗ್ಲೂ ಎಷ್ಟಿದ್ರು?"

"ಐವತ್ತೇಳು."

"ಗ್ರಾಂ?"

"ಗ್ರಾಂ ಎಲ್ಲಿ ನೋಡ್ದೆ ನಾನು..." ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ನೀನು ಫೋನಿಟ್ಮೇಲೆ ಏನಂದ್ರು ಗೊತ್ತಾ? 'ಚಟಾಕಿಗೆ ತಿಳ್ದೋಯ್ತು ಕಣೇ, ಗ್ರಾಂ ಕೇಳಿದ್ಳು' ಅಂದ್ರು. 'ಇಷ್ಟು ವರ್ಷಕ್ಕೆ ಒಂದು ಸುಳ್ಳು ತೂಕ ಹೇಳ್ದೆ, ಅದೂ ನಡೀಲಿಲ್ಲ' ಅಂತ ನಕ್ರು."

ಆಮೇಲೆ ಚೀಲದಿಂದ ತೆಗೆದು ತಂಗಿಯ ಅಂಗೈಯಲ್ಲಿ ಇಟ್ಟಳು. ಗಾಜಿನ ಪೆಟ್ಟಿಗೆಯ ಚಟಾಕು, ಅರವತ್ತು ಗ್ರಾಮೂ ಇಲ್ಲದ ಹಿತ್ತಾಳೆ.

ಅದನ್ನು ಕಣ್ಣ ಹತ್ತಿರ ತರಲು ನೋಡಿದಳು. ತೂಕ ಮರೆತಿದ್ದ ಕೈ ಮಡಿಲಿನಿಂದ ಮೇಲೇಳಲಿಲ್ಲ. ಅಕ್ಕ ಕೆಳಗಿನಿಂದ ತನ್ನ ಕೈ ಕೊಟ್ಟು ಎತ್ತಿ ಹಿಡಿದಳು.